ರೇಡಿಯೇಷನ್ ನಡೆದಾಗ ನುಂಗೋದು: ವ್ಯಾಯಾಮ, ಗಂಜಿಯ ಗಟ್ಟಿತನ, ಮೂಗಿನ ನಳಿಗಿ

ಭೀಮಾ ದಂಡೆ (ಯಾದಗಿರಿ, ಸಮುದಾಯ ಆರೋಗ್ಯ ಅಧಿಕಾರಿ)

ಎಲ್ಲರಿಗೂ ಶರಣು. ಬಾಯಿ, ನಾಲಿಗಿ ಬುಡ, ಗಂಟಲಿನ ಕ್ಯಾನ್ಸರಿಗೆ ಕಲಬುರಗಿ ಕಿದ್ವಾಯಿ ಕೇಂದ್ರದಾಗೋ, ಸೊಲ್ಲಾಪುರ ಇಲ್ಲಾ ಹೈದರಾಬಾದ್ ಕಡೆಯೋ ರೇಡಿಯೇಷನ್ ತಗೊಂಡು ಊರಿಗೆ ಬಂದವರನ್ನ ಮನಿ ಭೇಟಿಯೊಳಗ ನೋಡಬೇಕಾಗ್ತದ. ಹೆಚ್ಚಿನವರು 60 ದಾಟಿದವರು. ಮೂರು ಮಾತಿಗೆ ಖಚಿತ ಉತ್ತರ ಬೇಕಾಗ್ಯದ.

ಹೊಟ್ಟಿಗೆ ಗಂಜಿ ಕಳಸಾಕ ಮೂಗಿನ ನಳಿಗಿ ಹಾಕಿದ ದಿನದಿಂದ ಮನಿಯವರು ಬಾಯಿಗೆ ಒಂದು ಹನಿ ನೀರೂ ಹಾಕಂಗಿಲ್ಲ. ಇದು ಸರಿಯೇನು? "ಗಟ್ಟಿ ಮಾಡಿ ಕುಡಿಸ್ರಿ" ಅಂತ ಚೀಟಿಯೊಳಗ ಬರದಿರ್ತದ, ಎಷ್ಟು ಗಟ್ಟಿ ಅಂತ ಇರಂಗಿಲ್ಲ. ಜೋಳದ ಅಂಬಲಿ ನಡೀತದೇನು, ಇಲ್ಲಾ ಗಟ್ಟಿ ಮಾಡೋ ಅಂಗಡಿ ಪುಡಿನೇ ಬೇಕೇನು? ಕಡೀದು, ನುಂಗೋ ವ್ಯಾಯಾಮದ ಮ್ಯಾಲೆ ಗಿಸೆಲ್ ಕಾರ್ನಬಿ ಅನ್ನೋರ ಸಂಶೋಧನೆ ಬಗ್ಗೆ ತರಬೇತಿಯೊಳಗ ಒಂದು ಸಾಲು ಹೇಳಿದ್ರು. ಅದರಾಗ ನಿಜಕ್ಕೂ ಏನದ?

ಸ್ವರಪೆಟ್ಟಿಗೆ (ಕಲಬುರಗಿ, ಸ್ಪೀಚ್ ಥೆರಪಿ)

ಕಡೆಯ ಪ್ರಶ್ನೆಯಿಂದ ಶುರು ಮಾಡ್ತೀನಿ, ಮಿಕ್ಕಿದ್ದಕ್ಕೆ ಅದೇ ತಳಪಾಯ.

ಕಾರ್ನಬಿ, ಮೈಕಲ್ ಕ್ರೇರಿ ಮತ್ತು ಜೊತೆಯವರು ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಹೆಸರು ಫ್ಯಾರಿಂಗೋಸೈಸ್. ತಲೆ-ಕುತ್ತಿಗೆ ಕ್ಯಾನ್ಸರಿಗೆ ಕೀಮೋ, ರೇಡಿಯೇಷನ್ ಎರಡೂ ಪಡೆಯುತ್ತಿದ್ದ 58 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದಕ್ಕೆ ತೋರಿಕೆಯ ವ್ಯಾಯಾಮ, ಅಂದರೆ ಕೆನ್ನೆ ಉಬ್ಬಿಸುವಂಥದ್ದು. ಮೂರನೆಯದಕ್ಕೆ ಅಸಲಿ ವ್ಯಾಯಾಮ: ದನಿಯನ್ನು ಕೀರಲು ಮಟ್ಟಕ್ಕೆ ಏರಿಸುವುದು, ನಾಲಿಗೆಯನ್ನು ಅಂಗುಳಕ್ಕೆ ಒತ್ತುವುದು, ಜೋರಾಗಿ ನುಂಗುವುದು, ದವಡೆ ಹಿಗ್ಗಿಸುವುದು. ಒಂದು ಸಲಕ್ಕೆ ಸುಮಾರು 45 ನಿಮಿಷ, ದಿನಕ್ಕೆ ಎರಡು ಸಲ, ಚಿಕಿತ್ಸೆ ಮುಗಿಯುವವರೆಗೆ.

ಅವರು ಮುಖ್ಯವಾಗಿ ಅಳೆದದ್ದು ಎಂಆರ್‌ಐಯಲ್ಲಿ ಕಾಣುವ ಸ್ನಾಯುವಿನ ಗಾತ್ರ, ಗುಣ. ಆರು ವಾರದ ಕೊನೆಗೆ ಅಸಲಿ ವ್ಯಾಯಾಮ ಮಾಡಿದವರಲ್ಲಿ ನಾಲಿಗೆ ಮತ್ತು ಬಾಯಿತಳದ ಸ್ನಾಯುಗಳು ಕಡಿಮೆ ಕೆಟ್ಟಿದ್ದವು, ನುಂಗುವ ಶಕ್ತಿಯೂ ಹೆಚ್ಚು ಉಳಿದಿತ್ತು. "ಕಡಿಮೆ ಕೆಟ್ಟಿದ್ದವು" ಅನ್ನೋದನ್ನು ಗಮನಿಸಿ, ಕೆಡಲೇ ಇಲ್ಲ ಅಂತಲ್ಲ. 58 ಜನ ಮೂರು ಪಾಲಾದರೆ ಒಂದೊಂದು ಗುಂಪು ಚಿಕ್ಕದೇ. ಅದೇ ವರ್ಷ ಬಂದ ಕಾಟ್ಜ್ ಮತ್ತಿತರರ 26 ಜನರ ಪ್ರಯೋಗದಲ್ಲಿ ವ್ಯಾಯಾಮದವರು 3 ಮತ್ತು 6ನೇ ತಿಂಗಳಲ್ಲಿ ಚೆನ್ನಾಗಿ ಉಣ್ಣುತ್ತಿದ್ದರು, 9 ಮತ್ತು 12ನೇ ತಿಂಗಳಿಗೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ಅಂತರ ಇರಲಿಲ್ಲ. ಆದರೆ ಆ ಆರು ತಿಂಗಳಲ್ಲೇ ತೂಕ ಇಳಿಯೋದು, ನ್ಯುಮೋನಿಯಾ ಆಗೋದು. ಅದನ್ನು ಸಣ್ಣ ಲಾಭ ಅಂತ ನಾನಂತೂ ಅನ್ನೋದಿಲ್ಲ.

ನಳಿಗೆ ಇದ್ದಾಗ ಬಾಯಿ ಬಂದ್ ಮಾಡೋದು ಯಾಕೆ ತಪ್ಪು ಅಂದ್ರೆ, ನುಂಗುವ ಸ್ನಾಯುಗೆ ಎರಡು ಏಟು ಒಟ್ಟಿಗೆ ಬೀಳುತ್ತವೆ. ಒಂದು ರೇಡಿಯೇಷನ್‌ನದ್ದು, ಇನ್ನೊಂದು ಸುಮ್ಮನೆ ಬಿದ್ದಿರೋದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಹಚೆಸನ್ ಮತ್ತು ಸಂಗಡಿಗರು 2013ರಲ್ಲಿ 497 ರೋಗಿಗಳ ದಾಖಲೆ ನೋಡಿದಾಗ, ಬಾಯಲ್ಲಿ ಸ್ವಲ್ಪವಾದರೂ ತಿನ್ನುತ್ತ ವ್ಯಾಯಾಮವನ್ನೂ ಮಾಡಿದವರು ಮೊದಲಿನ ಊಟಕ್ಕೆ ಹೆಚ್ಚು ಮರಳಿದ್ದರು, ನಳಿಗೆಯ ದಿನಗಳೂ ಅವರಿಗೇ ಕಡಿಮೆ. ಎರಡನ್ನೂ ಬಿಟ್ಟವರದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಆದರೆ ಇದು ಹಳೆ ದಾಖಲೆ ತಿರುವಿ ನೋಡಿದ್ದು. ಹುಣ್ಣು ಜಾಸ್ತಿ ಇದ್ದವರೇ ತಿನ್ನೋದು ಬಿಟ್ಟಿರಬಹುದು ಅನ್ನೋ ಆಕ್ಷೇಪಕ್ಕೆ ಅದರಲ್ಲಿ ಪೂರ್ತಿ ಉತ್ತರ ಇಲ್ಲ.

ಬಿದ್ರಿ ಹೂಜಿ (ಬೀದರ್, ಇಎನ್‌ಟಿ)

ಮೇಲಿನದಕ್ಕೆ ಒಂದು ಷರತ್ತು. "ಬಾಯಿ ಬಂದ್ ಮಾಡಬೇಡಿ" ಅನ್ನುವ ಮೊದಲು, ಹೋಗುತ್ತಿರೋದು ಅನ್ನನಾಳಕ್ಕೋ ಶ್ವಾಸನಾಳಕ್ಕೋ ಅಂತ ಒಮ್ಮೆಯಾದರೂ ಕಣ್ಣಿಂದ ನೋಡಿರಬೇಕು. ರೇಡಿಯೇಷನ್ ಆದ ಗಂಟಲಿಗೆ ಸ್ಪರ್ಶ ಮಂದವಾಗುತ್ತದೆ. ಆರೋಗ್ಯವಂತರಿಗೆ ಒಂದು ಹನಿ ತಪ್ಪು ದಾರಿ ಹಿಡಿದರೂ ನೆತ್ತಿಗೆ ಹತ್ತಿ ಕೆಮ್ಮು ಬರುತ್ತದೆ, ಇವರಿಗೆ ಸದ್ದಿಲ್ಲದೆ ಇಳಿಯುತ್ತದೆ. ರೋಸೆನ್‌ಬೆಕ್ 1996ರಲ್ಲಿ ಕೊಟ್ಟ 8 ಅಂಕದ ಅಳತೆಪಟ್ಟಿಯಲ್ಲಿ ಅತಿ ಕೆಟ್ಟದ್ದಾದ 8ನೇ ಅಂಕ ಇದಕ್ಕೇ: ಧ್ವನಿತಂತುವಿನ ಕೆಳಗೆ ಇಳಿದಿದೆ, ಹೊರಹಾಕುವ ಪ್ರಯತ್ನವೇ ಇಲ್ಲ. ಹಾಗಾಗಿ 90 ಮಿಲಿ ನೀರು ಒಂದೇ ಉಸಿರಿಗೆ ಕುಡಿಸಿ ಕೆಮ್ಮು ಬಂತಾ ನೋಡುವ ಪರೀಕ್ಷೆಯನ್ನು ಈ ರೋಗಿಗಳಲ್ಲಿ ನಂಬಿ ಕೂರಬೇಡಿ. ಮನೆಯಲ್ಲಂತೂ ಮಾಡಲೇಬೇಡಿ.

ನೋಡುವ ದಾರಿ ಎರಡು. ಬೇರಿಯಂ ಬೆರೆಸಿದ ಆಹಾರ ಕೊಟ್ಟು ಎಕ್ಸ್‌ರೇ ವಿಡಿಯೊ ತೆಗೆಯೋದು ಒಂದು. ಮೂಗಿನಿಂದ ಸಣ್ಣ ದುರ್ಬೀನು ಇಳಿಸಿ, ಬಣ್ಣ ಹಾಕಿದ ಹಾಲು-ಗಂಜಿ ನುಂಗಿಸಿ ನೋಡೋದು ಇನ್ನೊಂದು. ಎರಡನೆಯದು ಸೂಸನ್ ಲ್ಯಾಂಗ್‌ಮೋರ್ 1988ರಲ್ಲಿ ರೂಪಿಸಿದ ವಿಧಾನ, ಹಾಸಿಗೆ ಪಕ್ಕದಲ್ಲೇ ಆಗುತ್ತದೆ. ದುರ್ಬೀನು ಇರುವ ಯಾವ ಇಎನ್‌ಟಿ ವಿಭಾಗದಲ್ಲೂ ಸಾಧ್ಯ, ಪಕ್ಕದಲ್ಲಿ ನುಂಗಿಸುವವರಿಗೆ ತರಬೇತಿ ಇರಬೇಕಷ್ಟೆ. ಚಿಕಿತ್ಸೆಗೆ ಮೊದಲು ಒಂದು, ಮುಗಿದ ಮೇಲೆ ಒಂದು, ಇಷ್ಟು ಕೇಳಿ ಮಾಡಿಸಿಕೊಳ್ಳಿ.

ಸ್ವರಪೆಟ್ಟಿಗೆ

ಒಪ್ಪಿದೆ ಡಾಕ್ಟರೇ. ಪೂರ್ತಿ ನಿಷೇಧ ಇದ್ದವರೂ ಸ್ವಂತ ಉಗುಳು ನುಂಗುತ್ತಾರಲ್ಲ, ವ್ಯಾಯಾಮ ಅದರಲ್ಲೇ ಆಗುತ್ತದೆ. ಮನೆಗೆ ಬೇಕಾದ ವಿವರ ಹೀಗಿದೆ.

ಜೋರು ನುಂಗು: ನಾಲಿಗೆಯನ್ನು ಪೂರ್ತಿ ಅಂಗುಳಕ್ಕೆ ಒತ್ತಿ, ದೊಡ್ಡ ಮಾತ್ರೆ ನುಂಗುವಷ್ಟು ಬಲ ಹಾಕಿ ನುಂಗಬೇಕು. 10 ಸಲ. ಬಾಯಿ ಒಣಗಿ ಮೂರಕ್ಕೇ ನಿಂತುಹೋದರೆ, ನೀರಿಗೆ ಅನುಮತಿ ಇದ್ದವರು ನಡುನಡುವೆ 1-2 ಮಿಲಿ ತಗೊಳ್ಳಬಹುದು. ಇಲ್ಲದವರು ಒದ್ದೆ ಅರಿವೆಯಿಂದ ಬಾಯಿ ಒರೆಸಿಕೊಂಡು ಮುಂದುವರಿಸಲಿ.

ಮೆಂಡೆಲ್ಸನ್: ನುಂಗುವಾಗ ಗಂಟಲ ಮುಂದಿನ ಮಣಿ ಮೇಲೇರೋದು ಬೆರಳಿಗೆ ತಾಗುತ್ತದೆ. ಏರಿದಲ್ಲೇ 2-3 ಸೆಕೆಂಡ್ ಹಿಡಿದು ಬಿಡೋದು. ಮಂದಿ ಬೆರಳಿಂದ ಮಣಿಯನ್ನ ಮೇಲಕ್ಕೆ ತಳ್ಳುತ್ತಾರೆ, ಅದರಿಂದ ಏನೂ ಬರೋದಿಲ್ಲ. ಹಿಡಿಯಬೇಕಾದ್ದು ಒಳಗಿನ ಸ್ನಾಯು.

ಮಸಾಕೊ: ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಹಿಡಿದು ಉಗುಳು ನುಂಗೋದು. ಆಹಾರದ ಜೊತೆ ಎಂದೂ ಬೇಡ. ನಾಲಿಗೆ ಮುಂದಕ್ಕೆ ಸಿಕ್ಕಿಕೊಂಡಿರುವಾಗ ತುತ್ತು ಗಂಟಲಲ್ಲಿ ಉಳಿದು ಆಮೇಲೆ ಒಳಗೆ ಜಾರುತ್ತದೆ.

ಶಾಕರ್: ದಿಂಬಿಲ್ಲದೆ ಅಂಗಾತ ಮಲಗಿ, ಹೆಗಲು ನೆಲ ಬಿಡದಂತೆ ತಲೆ ಎತ್ತಿ ಕಾಲ್ಬೆರಳು ನೋಡೋದು. 1 ನಿಮಿಷ ಹಿಡಿದು 1 ನಿಮಿಷ ಬಿಡೋದು, ಹೀಗೆ 3 ಸಲ, ಆಮೇಲೆ ಹಿಡಿಯದೆ 30 ಸಲ ಎತ್ತಿ ಇಳಿಸೋದು. ದಿನಕ್ಕೆ 3 ಹೊತ್ತು, 6 ವಾರ. ಕುತ್ತಿಗೆ ಸವೆತ ಇದ್ದವರಿಗೆ, ಗಂಟಲಲ್ಲಿ ಉಸಿರಿನ ತೂತು ಇದ್ದವರಿಗೆ ಬೇಡ. ವಯಸ್ಸಾದ ಬಹಳಷ್ಟು ಜನ ಇದನ್ನ ಮೊದಲ ವಾರದಲ್ಲೇ ಬಿಡುತ್ತಾರೆ. ಅವರಿಗೆ ಕುರ್ಚಿ ಮೇಲೆ ಕೂತು ಗದ್ದದ ಕೆಳಗೆ 12 ಸೆಂಟಿಮೀಟರ್ ಅಗಲದ ಮೆತ್ತನೆ ಚೆಂಡಿಟ್ಟು ಒತ್ತೋದು ಸರಿಹೋಗುತ್ತದೆ.

45 ನಿಮಿಷ ಒಂದೇ ಸಲ ಕೂರೋದು ಮೂರನೇ ವಾರದ ನಂತರ ಆಗದ ಮಾತು. ರೇಡಿಯೇಷನ್ ಸಾಮಾನ್ಯವಾಗಿ 33-35 ಸಿಟ್ಟಿಂಗ್, ಒಟ್ಟು 66-70 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ಇರುತ್ತದೆ. ಎರಡು-ಮೂರನೇ ವಾರಕ್ಕೆ ಹುಣ್ಣು ಏಳುತ್ತದೆ, ಕೊನೆಯ ವಾರ ಮತ್ತು ಮುಗಿದ ಮೊದಲ ಎರಡು ವಾರ ಭಾರೀ ಕಷ್ಟ. ನೋವಿನ ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು 10 ನಿಮಿಷದ ತುಂಡು ಮಾಡಿಸಿ. ಬಾಯಿ ಮರಗಟ್ಟಿಸುವ ಜೆಲ್ ಹಚ್ಚಿದ ತಕ್ಷಣ ತಿನ್ನಿಸಬೇಡಿ, ಮೊದಲೇ ಮಂದವಾದ ಗಂಟಲಿಗೆ ಇನ್ನಷ್ಟು ಮರವು ಏರುತ್ತದೆ.

ತೊಗರಿ ಕಣಜ (ಕಲಬುರಗಿ, ಆಹಾರ ತಜ್ಞೆ)

ಗಟ್ಟಿತನದ ಪ್ರಶ್ನೆ ನನ್ನ ಪಾಲಿಂದು. "ಗಟ್ಟಿ" ಅಂದ್ರ ಒಬ್ಬೊಬ್ಬರ ಮನ್ಯಾಗ ಒಂದೊಂದು, ಅದಕ್ಕ ಅಳೀಬೇಕು. ಐಡಿಡಿಎಸ್‌ಐ ಅಂತ ಅಂತರರಾಷ್ಟ್ರೀಯ ಪಟ್ಟಿ ಅದ, 0ಯಿಂದ 7ರ ತನಕ ಮಟ್ಟ. 0 ಬರೇ ನೀರು, 4 ನುಣ್ಣಗೆ ರುಬ್ಬಿದ ಮುದ್ದೆಯಂಥದ್ದು, 7 ಮಾಮೂಲಿ ಊಟ.

ಅಳಿಯೋ ರೀತಿ: ಸೂಜಿ ಇಲ್ಲದ 10 ಮಿಲಿ ಸಿರಿಂಜ್ ತಗೊಂಡು ಒಳಗಿನ ದಂಡ ಜಗ್ಗಿ ತೆಗೀರಿ. ಕೆಳಗಿನ ತೂತು ಬೆರಳಿಂದ ಮುಚ್ಚಿ 10ರ ಗೆರಿ ತನಕ ಗಂಜಿ ತುಂಬ್ರಿ. ಬೆರಳು ಬಿಟ್ಟು 10 ಸೆಕೆಂಡ್ ಎಣಿಸಿ ಮತ್ತ ಮುಚ್ರಿ. ಉಳಿದದ್ದು 1 ಮಿಲಿಗಿಂತ ಕಡಿಮಿ ಇದ್ರ ಮಟ್ಟ 0, 1ರಿಂದ 4 ಇದ್ರ ಮಟ್ಟ 1, 4ರಿಂದ 8 ಇದ್ರ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದ್ರೂ ಸ್ವಲ್ಪ ಇಳಿದಿದ್ರ ಮಟ್ಟ 3. ಒಂದು ಹನಿನೂ ಇಳೀಲಿಲ್ಲ ಅಂದ್ರ ಮಟ್ಟ 4. ಅದನ್ನ ಚಮಚದಾಗ ತಗೊಂಡು ವಾಲಿಸಿ ನೋಡ್ರಿ, ಒಂದೇ ಉಂಡಿಯಾಗಿ ಜಾರಿ ಬೀಳಬೇಕು, ಚಮಚಕ್ಕ ಅಂಟಬಾರದು.

ಇನ್ನ ಅಂಬಲಿ. ನಡೀತದ, ಆದ್ರ ಮೂರು ಕಡಿ ಮೋಸ ಮಾಡ್ತದ. ಒಂದು, ಬಿಸಿ ಇದ್ದಾಗ ಮಟ್ಟ 2 ಇದ್ದದ್ದು ಆರಿದ ಮ್ಯಾಲೆ 3 ದಾಟ್ತದ. ಕುಡಿಸೋ ಬಿಸಿಯೊಳಗನೇ ಅಳೀರಿ. ಎರಡು, ಜೋಳದ ಹೊಟ್ಟು, ನುಚ್ಚಿನ ಕಾಳು. ಸಣ್ಣ ಜರಡಿಯೊಳಗ ಸೋಸದೇ ಕೊಡಬ್ಯಾಡ್ರಿ, ಹುಣ್ಣಿಗೆ ಕೊರೀತದ. ಮೂರನೇದು ದೊಡ್ಡದು: ಉಗುಳಿನೊಳಗ ಪಿಷ್ಟ ಕರಗಿಸೋ ಅಮೈಲೇಸ್ ಇರ್ತದ. ಬಾಯಿಗೆ ಹಾಕಿದ ಚಮಚ ತಿರುಗಿ ಬಟ್ಟಲಕ್ಕ ಹೋತಂದ್ರ ಸ್ವಲ್ಪ ಹೊತ್ತಿಗೆ ಇಡೀ ಬಟ್ಟಲ ತೆಳ್ಳಗಾಗ್ತದ. ಅರಾರೂಟ್, ಮೆಕ್ಕೆಜೋಳದ ಹಿಟ್ಟಿಗೂ ಇದೇ ಕಥಿ. ಸಣ್ಣ ಬಟ್ಟಲದಾಗ ಸ್ವಲ್ಪ ಸ್ವಲ್ಪ ಹಾಕ್ಕೊಂಡು ಕುಡಿಸಿ, ಉಳಿದದ್ದನ್ನ ಚೆಲ್ಲಬೇಕು. ಕ್ಸಾಂಥನ್ ಗಮ್ ಇರೋ ಪುಡಿಗೆ ಈ ಕಾಟ ಇಲ್ಲ. ಆದ್ರ ಅದು ಗಟ್ಟಿಯಾಗಾಕ ಕೆಲವು ನಿಮಿಷ ತಗೋತದ. ಅವಸರ ಮಾಡಿ ಎರಡನೇ ಚಮಚ ಹಾಕಿದ್ರ ಆಮ್ಯಾಲೆ ಕಲ್ಲಾಗಿ ಕೂಡ್ತದ.

ರೊಟ್ಟಿ ಹಾಲಿನ್ಯಾಗ ಚೂರು ಮಾಡಿ ಕೊಡೋದು ನಮ್ಮ ಕಡಿ ರೂಢಿ. ತೆಳ್ಳನ ಹಾಲು ಮುಂದ ಓಡ್ತದ, ಚೂರು ಬಾಯಾಗ ಉಳೀತದ, ನುಂಗಾಕ ತೊಡಕಿದ್ದವರಿಗೆ ಇಂಥ ಎರಡು ನಮೂನಿ ಕೂಡಿದ್ದೇ ಎಲ್ಲಕ್ಕಿಂತ ಕಷ್ಟ. ಬಿಸಿ ರೊಟ್ಟಿ ಪೂರಾ ನೆನೆಸಿ, ಹಾಲು ಕೂಡಿಸೇ ಮಿಕ್ಸಿಯಾಗ ತಿರುವಿ, ತುಪ್ಪ ಹಾಕಿ ಕೊಡ್ರಿ. ತೊಗರಿ ಬ್ಯಾಳಿ ಕಟ್ಟು, ಗಟ್ಟಿ ಬ್ಯಾಳಿ ಎರಡೂ ಬ್ಯಾರೆ ಬ್ಯಾರೆ ಕೊಡಬಹುದು. ಸಜ್ಜಕ ಬಿಸಿ ಇದ್ದಾಗ ಚಲೋ, ಆರಿದ ಮ್ಯಾಲೆ ಅಂಗುಳಕ್ಕ ಅಂಟ್ತದ. ಶೇಂಗಾ ಹಿಂಡಿ, ಸುಸ್ಲಾ, ಕಟಕ ರೊಟ್ಟಿ ಈ ದಿನಗಳೊಳಗ ಬಿಡ್ರಿ.

ದಿನಕ್ಕ ಒಂದು ಕಿಲೋ ತೂಕಕ್ಕ 25-30 ಕಿಲೋಕ್ಯಾಲರಿ, ಪ್ರೋಟೀನ್ 1ರಿಂದ 1.5 ಗ್ರಾಂ ಲೆಕ್ಕ. 50 ಕಿಲೋ ಮನಿಷ್ಯಾಗ 50-75 ಗ್ರಾಂ ಪ್ರೋಟೀನ್, ಬರೇ ಅಂಬಲಿಯಿಂದ ಅದು ಆಗಂಗಿಲ್ಲ.

ಬಿದ್ರಿ ಹೂಜಿ

ಮೇಡಂ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಎಲ್ಲರಿಗೂ ಗಟ್ಟಿ ಮಾಡಿ ಕುಡಿಸೋ ಪದ್ಧತಿಯನ್ನೇ ಪ್ರಶ್ನಿಸಬೇಕು. ವಯಸ್ಸು, ಪಾರ್ಶ್ವವಾಯು, ಮರೆವಿನ ರೋಗ ಇದ್ದವರಲ್ಲಿ ನುಂಗುವ ಚಾಲನೆಯೇ ತಡವಾಗುತ್ತದೆ. ಗಂಟಲ ಬಾಗಿಲು ಮುಚ್ಚುವಷ್ಟರಲ್ಲಿ ನೀರು ಒಳಗೆ. ಅಲ್ಲಿ ಗಟ್ಟಿ ಮಾಡಿದರೆ ಸಮಯ ಸಿಗುತ್ತದೆ. ರೇಡಿಯೇಷನ್ ಆದ ಗಂಟಲಿನ ತೊಂದರೆ ಬೇರೆ. ನಾಲಿಗೆ ಬುಡದ ಒತ್ತಡ ಕಡಿಮೆ, ಗೋಡೆ ಬಿರುಸು, ಜೊಲ್ಲು ಇಲ್ಲ, ಹಾಗಾಗಿ ನುಂಗಿದ ಮೇಲೂ ಅರ್ಧ ತುತ್ತು ಅಲ್ಲೇ ಉಳಿಯುತ್ತದೆ. ಇವರಿಗೆ ಗಟ್ಟಿ ಮಾಡಿದಷ್ಟೂ ಉಳಿಯೋದು ಜಾಸ್ತಿ. ಹಲವರಿಗೆ ತೆಳುವಾದದ್ದೇ ಸಲೀಸು. ಒಂದು ತುತ್ತು, ಎರಡು ಸಲ ನುಂಗು, ಆಮೇಲೆ ಒಂದು ಗುಟುಕು ನೀರಿನಿಂದ ತೊಳೆ, ಈ ಕ್ರಮ ಕೆಲಸ ಮಾಡುತ್ತದೆ. ಯಾರಿಗೆ ಯಾವುದು ಅನ್ನೋದನ್ನು ದುರ್ಬೀನು ಹೇಳಬೇಕು, ಚೀಟಿಯಲ್ಲ.

ಗದ್ದ ಎದೆಗೆ ಬಾಗಿಸಿ ನುಂಗುವ ಉಪಾಯಕ್ಕೂ ಇದೇ ಮಾತು. ತಡ ಚಾಲನೆಗೆ ಆಗುತ್ತದೆ, ಉಳಿಕೆ ಇರುವವರಿಗೆ ಉಪಯೋಗ ಕಡಿಮೆ. ಗಂಟಲಿನ ಒಂದೇ ಪಕ್ಕ ಸೋತಿದ್ದರೆ ಸೋತ ಪಕ್ಕಕ್ಕೆ ಮುಖ ತಿರುಗಿಸಿ ನುಂಗಬೇಕು, ಆಗ ಆ ದಾರಿ ಮುಚ್ಚಿ ತುತ್ತು ಗಟ್ಟಿ ಪಕ್ಕದಿಂದ ಇಳಿಯುತ್ತದೆ.

ಜೋಆ್ಯನ್ ರಾಬಿನ್ಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾರ್ಕಿನ್ಸನ್ ಇಲ್ಲವೇ ಮರೆವಿನ ರೋಗವಿದ್ದ 515 ಜನರಿದ್ದರು. ಗದ್ದ ಬಾಗಿಸಿ ತೆಳುವಾದದ್ದು ಕುಡಿದವರಿಗೂ ಗಟ್ಟಿ ಕುಡಿದವರಿಗೂ 3 ತಿಂಗಳ ನ್ಯುಮೋನಿಯಾದಲ್ಲಿ ಗಣನೀಯ ಅಂತರ ಬರಲಿಲ್ಲ. ಮೈಯಲ್ಲಿ ನೀರು ಬತ್ತಿದ್ದು ಗಟ್ಟಿ ಕುಡಿದವರಲ್ಲಿ 6%, ಇನ್ನೊಂದು ಗುಂಪಲ್ಲಿ 2%. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಇದನ್ನು ಯೋಚಿಸಿ. ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ ನಡೆಯುತ್ತಿದ್ದರಂತೂ ನೀರು ಕಮ್ಮಿಯಾದ ಏಟು ನೇರ ಕಿಡ್ನಿಗೆ.

ಔಷಧಿ ಅಂಗಡಿ (ಶಹಾಪುರ)

ಒಂದು ಎಚ್ಚರಿಕಿ ಅಷ್ಟೇ. ಮಾರ್ಫಿನ್ ತಗೊಳೋರಿಗೆ ಮಲಬದ್ಧತೆಗೆ ಪಾಲಿಇಥಿಲಿನ್ ಗ್ಲೈಕಾಲ್ ಪುಡಿ ಬರೀತಾರ. ಅದನ್ನ ಪಿಷ್ಟದ ಪುಡಿಯಿಂದ ಗಟ್ಟಿ ಮಾಡಿದ ನೀರಿಗೆ ಬೆರೆಸಿದ್ರ ಗಟ್ಟಿ ಹೋಗಿ ತೆಳ್ಳನ ನೀರಾಗ್ತದ. ಬೆರೆಸಬ್ಯಾಡ್ರಿ, ಡಾಕ್ಟರಿಗೆ ಹೇಳಿ ಬ್ಯಾರೆ ಔಷಧಿ ಬರೆಸ್ಕೋರಿ. ದೀರ್ಘ ಪರಿಣಾಮದ ಮಾತ್ರಿ ಪುಡಿ ಮಾಡಿ ನಳಿಗಿಗೆ ಹಾಕೋದೂ ತಪ್ಪು, ದಿನದ ಔಷಧಿ ಒಂದೇ ಸಲಕ್ಕ ಒಳಗ ಹೋಗ್ತದ.

ವಾರ್ಡ್ ನಂಬರ್ ಮೂರು (ಕಲಬುರಗಿ, ನರ್ಸಿಂಗ್)

ನಳಿಗಿ ಬಗ್ಗೆ ಯಾರೂ ಬರೀಲಿಲ್ಲ. ಮೂಗಿನ ಅಂಚಿನ್ಯಾಗ ನಳಿಗಿ ಮ್ಯಾಲೆ ಪೆನ್ನಿನ ಗುರುತು ಇರ್ತದ, ಪ್ರತಿ ಸಲ ಹಾಕೂಕಿಂತ ಮೊದಲ ಅದನ್ನ ನೋಡ್ರಿ. ಸರಿದಿತ್ತು ಅಂದ್ರ ಹಾಕಬ್ಯಾಡ್ರಿ, ನೀವೇ ಒಳಗ ದೂಡಬ್ಯಾಡ್ರಿ. ಗಾಳಿ ಹೊಡೆದು ಹೊಟ್ಟಿ ಮ್ಯಾಲೆ ಸಪ್ಪಳ ಕೇಳೋದನ್ನ ಪುರಾವೆ ಅಂತ ತಿಳೀಬಾರದು, ನಳಿಗಿ ಪುಪ್ಪಸದಾಗ ಇದ್ರೂ ಸಪ್ಪಳ ಬರಬಹುದು. ನಳಿಗಿಯಿಂದ ಜಗ್ಗಿದ ರಸಾ ಪಿಎಚ್ ಪಟ್ಟಿ (ಹುಳಿ ಅಳಿಯೋ ಕಾಗದ) ಮ್ಯಾಲೆ 5.5 ಇಲ್ಲಾ ಅದಕ್ಕಿಂತ ಕೆಳಗ ಇರಬೇಕು, ಅನುಮಾನ ಇದ್ರ ಎಕ್ಸ್‌ರೇ.

ತಲಿ 30-45 ಡಿಗ್ರಿ ಏರಿಸಿ 200-250 ಮಿಲಿ, 15-20 ನಿಮಿಷದಾಗ ತಾನೇ ಇಳೀಬೇಕು, ದಂಡ ಒತ್ತಬ್ಯಾಡ್ರಿ. ಮೊದಲ ಮತ್ತ ಆಮ್ಯಾಲೆ 30 ಮಿಲಿ ನೀರು. ಮುಗಿದ ಮ್ಯಾಲೆ ಅರ್ಧದಿಂದ ಒಂದು ತಾಸು ಮಲಗಿಸಬಾರದು. ನಳಿಗಿ ಕಟ್ಟೋದು ಹೆಚ್ಚಾಗಿ ಸೋಸದ ಗಂಜಿ, ಸರಿಯಾಗಿ ಪುಡಿ ಆಗದ ಮಾತ್ರಿ, ನೀರು ಹಾಕೋದು ಮರೆತದ್ದು, ಈ ಮೂರರಿಂದನೇ. 4-6 ವಾರ ದಾಟ್ತದ ಅನ್ನೂ ಹಂಗಿದ್ರ ಹೊಟ್ಟಿಗೆ ನೇರ ಹಾಕೋ ನಳಿಗಿ ಬಗ್ಗೆ ಕೇಳ್ರಿ.

ಬಾಯಿ ಸ್ವಚ್ಛ ಇರ್ಲಿಲ್ಲಂದ್ರ ಇದೆಲ್ಲಾ ದಂಡ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಗಿ ಸೋಡಾ. ದಿನಕ್ಕ 4-6 ಸಲ ಮುಕ್ಕಳಿಸಿ ಉಗುಳಬೇಕು. ದಿನಾ ಹೊಸಾದು ಮಾಡ್ರಿ. ಸ್ಪಿರಿಟ್ ಇರೋ ಮೌತ್‌ವಾಶ್ ಬ್ಯಾಡ.

ಸ್ವರಪೆಟ್ಟಿಗೆ

ಅಕ್ಕಾರ ಹೇಳಿದ ಬಾಯಿ ಸ್ವಚ್ಛತೆಗೆ ಲ್ಯಾಂಗ್‌ಮೋರ್ ಅವರ 1998ರ ಅಧ್ಯಯನದ ಬೆಂಬಲ ಇದೆ. ವಯಸ್ಸಾದವರಲ್ಲಿ ನ್ಯುಮೋನಿಯಾಕ್ಕೆ ಮುನ್ಸೂಚನೆಯಾದವು: ಉಣ್ಣಿಸಲು ಇನ್ನೊಬ್ಬರ ಕೈ ಬೇಕಾಗೋದು, ಬಾಯಿ ತೊಳೆಯಲೂ ಇನ್ನೊಬ್ಬರು ಬೇಕಾಗೋದು, ಹುಳುಕು ಹಲ್ಲಿನ ಸಂಖ್ಯೆ, ನಳಿಗೆ ಊಟ, ಹಲವು ಕಾಯಿಲೆ, ಹಲವು ಮಾತ್ರೆ, ಧೂಮಪಾನ. ನುಂಗುವ ತೊಂದರೆ ಒಂದೇ ಇದ್ದರೆ ನ್ಯುಮೋನಿಯಾಕ್ಕೆ ಸಾಮಾನ್ಯವಾಗಿ ಸಾಲದು. ಕೊಳಕು ಬಾಯಿಯ ಉಗುಳು ಒಳಗೆ ಇಳಿಯೋದೇ ಅಪಾಯ. ಹಾಗಾಗಿ ಮುತ್ಯಾನ ಕೈಗೇ ಬಟ್ಟಲು ಕೊಡಿ, ನಿಮ್ಮ ಕೈ ಕೆಳಗೆ ಆಧಾರ ಇರಲಿ. ಬಾಯಿಗೆ ಬರೋದು ಯಾವಾಗ ಅಂತ ಅವರಿಗೇ ಗೊತ್ತಿದ್ದರೆ ಗಂಟಲು ಸಿದ್ಧವಾಗುತ್ತದೆ.

ವಯಸ್ಸಿನ ಬಗ್ಗೆ ಇನ್ನೊಂದು. ಸಾಮಾನ್ಯ ನುಂಗಿಗೆ ಬೇಕಾದಷ್ಟು ನಾಲಿಗೆ ಬಲ 75ರಲ್ಲೂ ಇರುತ್ತದೆ, ಕಡಿಮೆಯಾಗೋದು ಕೂಡಿಟ್ಟ ಹೆಚ್ಚುವರಿ ಬಲ. ರೇಡಿಯೇಷನ್ ಬಂದಾಗ ಖರ್ಚಿಗೆ ಉಳಿದಿರೋದಿಲ್ಲ. ರಾಬಿನ್ಸ್ 2005ರಲ್ಲಿ 70ರಿಂದ 89 ವಯಸ್ಸಿನ 10 ಆರೋಗ್ಯವಂತರಿಗೆ 8 ವಾರ ನಾಲಿಗೆ ಒತ್ತಿಸಿದಾಗ ಆ ಬಲ ಏರಿತು. ಒಂದು ಹೊತ್ತಿಗೆ 30 ಸಲ, ದಿನಕ್ಕೆ 3 ಹೊತ್ತು, ವಾರಕ್ಕೆ 3 ದಿನ. ರೋಗ ಪತ್ತೆಯಾಗಿ ಮಷಿನ್ ದಿನಾಂಕ ಸಿಗುವವರೆಗೆ ಸಿಗುವ ಎರಡು-ಮೂರು ವಾರವನ್ನ ಇದಕ್ಕೇ ಬಳಸಿ.

ದವಡೆ ದಾರಿ (ಬೀದರ್, ದಂತವೈದ್ಯ)

ಅದೇ ಎರಡು-ಮೂರು ವಾರದಲ್ಲಿ ಹಲ್ಲಿನ ಕೆಲಸವೂ ಮುಗಿಯಬೇಕು. ಕೀಳಬೇಕಾದ್ದನ್ನು ರೇಡಿಯೇಷನ್‌ಗೆ ಕನಿಷ್ಠ 10-14 ದಿನ ಮೊದಲೇ ಕೀಳಿಸಿ. ಆಮೇಲೆ ಕಿತ್ತರೆ ದವಡೆ ಎಲುಬು ಮಾಯದೆ ಕೊಳೆಯುವ ಭಯ ವರ್ಷಗಟ್ಟಲೆ ಇರುತ್ತದೆ, ಆಗ ರೇಡಿಯೇಷನ್ ಡಾಕ್ಟರನ್ನು ಕೇಳದೆ ಯಾರೂ ಹಲ್ಲಿಗೆ ಕೈ ಹಾಕಬಾರದು.

ಗುಟಕಾ ತಿಂದವರ ಕೆನ್ನೆ ಮೊದಲೇ ಬಿಗಿದು ಬಾಯಿ ಚಿಕ್ಕದಾಗಿರುತ್ತದೆ. ಮೊದಲ ದಿನವೇ ಮೇಲಿನ-ಕೆಳಗಿನ ಮುಂದಿನ ಹಲ್ಲಿನ ನಡುವೆ ಸ್ಕೇಲ್ ಇಟ್ಟು ಬರೆದಿಡಿ. 35 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬಾಯಿ ಬಿಗಿತ ಅಂತಲೇ ಲೆಕ್ಕ. ಐಸ್‌ಕ್ರೀಂ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತೂರಿಸಿ 30 ಸೆಕೆಂಡ್ ಹಿಡಿಯೋದು, 5 ಸಲ, ದಿನಕ್ಕೆ 5 ಹೊತ್ತು. ಸಡಿಲ ಹಲ್ಲಿದ್ದರೆ ಈ ಕಡ್ಡಿ ಬೇಡ.

ಭೀಮಾ ದಂಡೆ

ಬಹಳ ಉಪಕಾರ. ಮನಿ ಭೇಟಿಯೊಳಗ ಯಾವ ಗುರುತು ಕಂಡ್ರ ತಡಾ ಮಾಡದೇ ಕಳಸಬೇಕು? ಮತ್ತ ವರ್ಷ ಎರಡು ವರ್ಷ ಆದವರಿಗೆ ಅನ್ನ ಒಂದೇ ಜಾಗಾದಾಗ ನಿಲ್ತದ ಅಂತಾರ, ಅವರಿಗೂ ಇದೇ ವ್ಯಾಯಾಮ ಏನು?

ಬಿದ್ರಿ ಹೂಜಿ

ಉಂಡ ಮೇಲೆ ದನಿ ಗೊರಗೊರ ಒದ್ದೆಯಾಗೋದು, ಕಾರಣ ಕಾಣದ ಜ್ವರ ಮತ್ತೆ ಮತ್ತೆ ಬರೋದು, ಒಂದು ಊಟಕ್ಕೆ 30-40 ನಿಮಿಷ ಮೀರೋದು, ತಿಂಗಳಲ್ಲಿ 5% ತೂಕ ಇಳಿಯೋದು. ಯಾವುದೇ ಒಂದಿದ್ದರೂ ಆ ವಾರದೊಳಗೆ ಕಳಿಸಿ. ಉಸಿರು ಏದುಸಿರಾಗಿದ್ದರೆ, ಉಗುಳೂ ಇಳಿಯದಿದ್ದರೆ ಅದೇ ದಿನ.

ಘನ ಆಹಾರ ಸದಾ ಒಂದೇ ಎತ್ತರದಲ್ಲಿ ನಿಂತು ನೀರು ಮಾತ್ರ ಇಳಿಯುತ್ತಿದ್ದರೆ ಅಲ್ಲಿ ಅನ್ನನಾಳದ ಬಾಯಿ ಕಿರಿದಾಗಿರಬಹುದು, ಇಲ್ಲ ರೋಗ ಮರಳಿರಬಹುದು. ವ್ಯಾಯಾಮದಿಂದ ಆ ಕಿರಿದು ಅಗಲವಾಗೋದಿಲ್ಲ. ಎಂಡೋಸ್ಕೋಪಿ ಮೊದಲು, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಹಿಗ್ಗಿಸೋದು, ವ್ಯಾಯಾಮ ಆಮೇಲೆ.

ಭೀಮಾ ದಂಡೆ

ತೊಗರಿ ಕಣಜ ಅಕ್ಕಾರ, ಕಡೀದೊಂದು. ಇಲ್ಲಿ ಸಿಗೋ 10 ಮಿಲಿ ಸಿರಿಂಜ್ ಎರಡು ನಮೂನಿ ಅದಾವು, ಒಂದು ಗಿಡ್ಡ ಅದ, ಒಂದು ಉದ್ದ. ಯಾವುದಾದ್ರೂ ನಡೀತದೇನು?

ತೊಗರಿ ಕಣಜ

ನಡಿಯಂಗಿಲ್ರಿ. 0ಯಿಂದ 10ರ ಗೆರಿ ತನಕ ಸ್ಕೇಲ್ ಇಟ್ಟು ಅಳೀರಿ, 61.5 ಮಿಲಿಮೀಟರ್ ಇರಬೇಕು. ಗಿಡ್ಡದರ ಕೊಳವಿ ಅಗಲ ಇರ್ತದ, ಇಳಿಯೋ ವೇಗ ಬದಲಾಗಿ ಮಟ್ಟ ತಪ್ಪು ಬರ್ತದ. ತಿರುಗಿಸಿ ಬಿಗಿಯೋ ಮೂತಿಯದ್ದೂ ಬ್ಯಾಡ, ಸಾದಾ ಮೂತಿಯದ್ದೇ ತಗೋರಿ.